ಮುದುಕಿಯ ಹೆಸರಿಗೆ ತಂದ ಪುಸ್ತಕಗಳು

ಟಪ್!

ಪುಸ್ತಕ ಮೇಜಿಗೆ ಬಡಿದ ಸದ್ದಿಗೆ ಪತ್ರಿಕೆ ಓದುತ್ತಿದ್ದ ಗಂಡಸರೆಲ್ಲ ತಲೆಯೆತ್ತಿದರು. ೧೯೩೬ರ ಗೋಕಾಕದಲ್ಲಿ ಹೆಂಗಸರು ವಾಚನಾಲಯದ ಹೊಸ್ತಿಲು ತುಳಿಯುತ್ತಿರಲಿಲ್ಲ. ಇವಳೋ, ಇಪ್ಪತ್ತೆರಡರ ಹೆಣ್ಣುಮಗಳು!

"ಪುಸ್ತಕ ಆರಿಸಿ ಕೊಡೋರು ನೀವೇನ್ರಿ?"

"ಹೌದ್ರಿ, ನಾನ... ರಾಚಪ್ಪ."

"ಗಂಡ ಸತ್ತಾನ, ನಾ ಸತ್ತಿಲ್ಲ! ನನ್ನ ಯಾಕ ಜೀವಂತ ಹುಗಿಯಾಕ ನಿಂತೀರಿ?"

ಮೇಜಿನ ಹಿಂದಿದ್ದ ರಾಚಪ್ಪ ಆ ಪುಸ್ತಕ ತೆರೆದ.

ಅವಳು ಧುಪದಾಳದ ಉದ್ದಪ್ಪನ ಮಗಳು ಪಾರವ್ವ. ಎರಡು ವರ್ಷದ ಹಿಂದೆ ಜ್ವರ ಗಂಡನನ್ನು ಒಯ್ದಿತ್ತು. ಊರಲ್ಲಿ ಎಷ್ಟೋ ವಿಧವೆಯರಿಗೆ ಉಡಿಕಿ, ಅಂದರೆ ಮರುಮದುವೆಯಾಗಿ, ಮತ್ತೆ ಸಂಸಾರ ಸಿಕ್ಕಿತ್ತು. ಉದ್ದಪ್ಪನಿಗೆ ಮಾತ್ರ ಮನೆತನದ ಮರ್ಯಾದೆ! 'ನಮ್ಮ ಮನ್ಯಾಗ ಉಡಿಕಿ ಇಲ್ಲ' ಎಂದು ಮಗಳ ಬದುಕಿಗೆ ಅಗುಳಿ ಹಾಕಿಬಿಟ್ಟ.

ಇನ್ನು ಯಾರಿಗಾಗಿ ಬೆಳಿಗ್ಗೆ ಏಳಬೇಕು? ತಿಳಿಯದೆ ಅವಳು ಅಪ್ಪನಲ್ಲಿ ಬೇಡಿದ್ದು ಒಂದೇ, ಸಂತೆಗೆ ಹೋದಾಗ ವಾಚನಾಲಯದಿಂದ ದಾರಿ ತೋರಿಸುವ ಪುಸ್ತಕ ತಂದುಕೊಡು ಎಂದು.

ಬಂದವು! ದೇಹ ನಶ್ವರ ಎನ್ನುವುದೊಂದು, ಆಸೆ ಬಿಡು ಎನ್ನುವುದೊಂದು, ಸಾವಿಗೆ ಸಿದ್ಧವಾಗು ಎನ್ನುವುದೊಂದು... ಉರಿದೆದ್ದ ಪಾರವ್ವ ಪುಟದ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಜಗಳವಾಡಿ ಮರಳಿಸಿದಳು. ಮುಂದಿನ ವಾರ ಇನ್ನೂ ದಪ್ಪ ವೈರಾಗ್ಯ ಬಂತು. ಇವತ್ತು ಅಪ್ಪ ಬೆಲ್ಲದ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ಗಾಡಿಯಿಂದಿಳಿದು ನೇರ ಇಲ್ಲಿಗೇ ಬಂದಿದ್ದಳು.

ರಾಚಪ್ಪ ಅಂಚಿನ ಅಕ್ಷರ ನೋಡಿ ಬಿಳಿಚಿಕೊಂಡ.

"ಇದನ್ನ ಬರದಾಕಿ ನೀವಾ? ಉದ್ದಪ್ಪ ಕಾಕಾ ತಮ್ಮ ತಾಯಿಗೆ ಅಂದಿದ್ರಲ್ರಿ! ಎಂಬತ್ತು ದಾಟೈತಿ, ಹಾಸಿಗಿ ಹಿಡದಾಳ ಅಂತ..."

ಅಜ್ಜಿ ಸತ್ತು ಹನ್ನೆರಡು ವರ್ಷ! ವಿಧವೆ ಮಗಳು ಓದುತ್ತಾಳೆ ಎನ್ನಲು ನಾಚಿ, ಅಪ್ಪ ಸತ್ತವಳನ್ನೇ ಎಬ್ಬಿಸಿದ್ದ. "ಅಜ್ಜಿ ಎಂದೋ ಸತ್ತಾಳ. ನಾ ಅವರ ಮಗಳು!" ಎಂದಳು ಪಾರವ್ವ.

"ಮುದುಕಿ ಆಸೆ ಬಿಡವಲ್ಲಳು ಅಂತ ನಾನ ಇನ್ನೂ ದಪ್ಪಂದು ಕೊಟ್ನಿರಿ." ರಾಚಪ್ಪನ ದನಿ ತಗ್ಗಿತು. "ಹೆಂಡ್ತಿ ತೀರಿದ ಮ್ಯಾಲೆ ನಾನೂ ಇವನ್ನ ಓದಿ ಮೂಲ್ಯಾಗ ಕುಂತಿದ್ದೆ. 'ಆಸೆ ಬಿಡು ಅನ್ನಾಂವ ಉಂಡು ಬರದಾನೋ, ಉಪಾಸ ಕುಂತು ಬರದಾನೋ?' ಅಂತ ಬರದಿದ್ರಲ್ಲ... ಅದನ್ನ ಓದಿ ನಕ್ಕೇನಿ, ಎದ್ದು ಕುಂತೇನಿ. ಇಂಥಾಕಿ ಯಾಕ ಇಷ್ಟ ಲಗೂ ಹುಟ್ಟಿ ಮುದುಕಿ ಆದ್ಳು ಅಂತ ದೇವರ ಕೂಡ ಜಗಳಾಡೇನಿ!"

ಪಾರವ್ವಳ ಸಿಟ್ಟು ಇಳಿಯಲಿಲ್ಲ. ಕಣ್ಣು ಮಾತ್ರ ತುಂಬಿತು.

ಅವನು ಕಪಾಟಿನ ಕೀಲಿಕೈಯನ್ನೇ ಅವಳ ಮುಂದಿಟ್ಟ. "ನಿಮ್ಮ ಪುಸ್ತಕ ನೀವ ಆರಿಸ್ಕೋರಿ."

ಅವಳು ಯಾರದೋ ಪ್ರವಾಸದ ಪುಸ್ತಕ ತೆಗೆದಳು. ನಿಂತಲ್ಲೇ ಎರಡು ಪುಟ ಓದಿದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಮುಂದೇನು ಎಂದು ತಿಳಿಯುವ ಆಸೆಯಾಯಿತು.

"ಹೆಸರು ಪಾರವ್ವ ಅಂತ ಬರೀರಿ. ಮುದುಕಿ ಅಂತ ಬ್ಯಾಡ."

ಅವನು ಹೆಸರು ಬರೆದು ತಲೆಯೆತ್ತಿದ. "ಪಾರವ್ವಾರ... ಉಡಿಕಿ ಮಾತಿಗೆ ನಾಳೆ ನಿಮ್ಮ ಅಪ್ಪನ ಕೇಳಾಕ ಬರ್ಲೇನ್ರಿ?"

"ಅಪ್ಪನ ಮಾತು ಕೇಳಿ ಪುಸ್ತಕ ಕೊಟ್ಟಿದ್ದು ಸಾಲಲಿಲ್ಲೇನು?" ಪಾರವ್ವ ಸಿಡಿದಳು. "ನನ್ನ ಕೇಳ್ರಿ!"

ರಾಚಪ್ಪ ಎದ್ದು ನಿಂತ. ಪತ್ರಿಕೆಗಳ ಹಿಂದೆ ಎಲ್ಲರ ಕಿವಿ ನಿಮಿರಿತು.

"ಪಾರವ್ವಾ... ನನ್ನ ಕೂಡ ಬಾಳ್ವೆ ಮಾಡ್ತೀಯೇನ?"

"ಮಾಡ್ತೇನಿ. ಅಪ್ಪಗ ನಾನ ಹೇಳ್ತೇನಿ."

"ಅವರು ಒಲ್ಲೆ ಅಂದ್ರ?"

"ಅನ್ನಲಿ! ನೀವು ನನ್ನ ಬಾಜೂಕ ನಿಂದರ್ರಿ, ಸಾಕು."

"ನಿಂದರ್ತೇನಿ. ನಡಿ, ಈಗ ಹೋಗೂನು."