ಡಮ್ಮಿ ತಟ್ಟೆ

"ಫ್ಯಾನ್ ಆಫ್ ಮಾಡ್ತೀರಾ ಮೇಡಂ? ಪುದೀನ ಎಲೆ ಅಲ್ಲಾಡ್ತಿದೆ."

ಹೊರಗೆ ಡಾಂಬರು ಕರಗುವಂಥ ಬಿಸಿಲು. ಒಳಗೆ ಕಿಟಕಿಗೆ ಬಿಳಿ ಪರದೆ, ಬಾಗಿಲಿಗೆ ಕಪ್ಪು ಬಟ್ಟೆ, ನಡುವೆ ಒಂದು ಮೇಜು, ಮೇಜಿನ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಬಗ್ಗಿ ನಿಂತ ಒಬ್ಬ ಮನುಷ್ಯ. ಅಂಗಿ ಬೆನ್ನಿಗೆ ಅಂಟಿಕೊಂಡು ಬೆವರು ಇಳಿಯುತ್ತಿದ್ದರೂ ಅವನಿಗೆ ಚಿಂತೆ ಪುದೀನ ಎಲೆಯದು.

"ಅಲ್ಲಾಡ್ಲಿ ಬಿಡಿ. ಜೀವ ಇದ್ರೆ ಅಲ್ಲಾಡುತ್ತೆ."

"ಒಂದೇ ನಿಮಿಷ," ಎಂದ ಅವನು, ತಲೆ ಎತ್ತದೆ.

ಅವಳು ಫ್ಯಾನಿನ ಸ್ವಿಚ್ಚನ್ನು ಒತ್ತಿದ ರೀತಿಗೆ ಗೋಡೆಯೇ ಬೆಚ್ಚಿರಬೇಕು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯಿತ್ತು, ಆದರೆ ಚಿಕ್ಕಂದಿನಲ್ಲಿ ಅಣ್ಣ ಕರೆದ 'ಕಿಡಿ' ಎಂಬುದೇ ಗಟ್ಟಿಯಾಗಿ ನಿಂತಿತ್ತು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅವಳೂ ಸುಮ್ಮನಿರುವವಳಲ್ಲ, ಮನಸ್ಸಿನಲ್ಲೇ ಈ ಫೋಟೋಗ್ರಾಫರನಿಗೆ 'ಒಂದ್ನಿಮಿಷ' ಎಂದು ಹೆಸರಿಟ್ಟಿದ್ದಳು. ಅವನ ಒಂದು ನಿಮಿಷದಲ್ಲಿ ಊರೆಲ್ಲ ಉಂಡು ಕೈ ತೊಳೆದು ಮಲಗಿ ಏಳಬಹುದಿತ್ತು.

ಅವಳದು ಬೇಸಿಗೆಯ ಅಡುಗೆ ಪುಸ್ತಕ. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲದ ವೀಗನ್ ಅಡುಗೆ. ಒಲೆ ಹಚ್ಚುವ ಕೆಲಸವೂ ಕಡಿಮೆ. ಹಚ್ಚಲೇಬೇಕೆಂದರೆ ಬಿಸಿಲೇರುವ ಮುಂಚೆ ಕಡಲೆಯನ್ನೋ ನೂಡಲ್ಸನ್ನೋ ಬೇಯಿಸಿ ಫ್ರಿಜ್ಜಿಗೆ ಸೇರಿಸಿಬಿಡುವುದು. ಎಲ್ಲರೂ ಫ್ಯಾನಿನ ಕೆಳಗೆ ಕೂತು ಉಣ್ಣುವಾಗ ಒಬ್ಬಳು ಮಾತ್ರ ಒಲೆಯ ಮುಂದೆ ಬೇಯುವುದನ್ನು ಅವಳು ಬೇಕಾದಷ್ಟು ನೋಡಿದ್ದಳು, ಸ್ವತಃ ಬೆಂದೂ ಇದ್ದಳು. ಅದಕ್ಕೇ ಹಟ ಹಿಡಿದು ಈ ಪುಸ್ತಕ ಬರೆದದ್ದು. ಅಡುಗೆ ಮಾಡುವವರೂ ಮನುಷ್ಯರೇ ಎಂಬುದು ಅವಳ ವಾದ.

ಫೋಟೋಗಳೆಲ್ಲ ಅವಳ ಮನೆಯಲ್ಲೇ, ಅಂದರೆ ಅಣ್ಣ ಅತ್ತಿಗೆಯ ಮನೆಯಲ್ಲೇ ಆಗುತ್ತಿದ್ದವು. ಹಿಂದಿನ ಕೋಣೆಯ ಕಿಟಕಿಯ ಬೆಳಕು ಅವನಿಗೆ ಮೊದಲ ದಿನವೇ ಹಿಡಿಸಿಬಿಟ್ಟಿತ್ತು. ಅಲ್ಲಿಯವರೆಗೆ ಅವನು ತೆಗೆದದ್ದು ಶೂ, ಗಡಿಯಾರ, ಸೋಫಾ. ಊಟದ ಫೋಟೋ ಇದೇ ಮೊದಲು.

ಪ್ರತಿ ಅಡುಗೆಗೂ ಎರಡು ತಟ್ಟೆ ಬೇಕಿತ್ತು. ಮೊದಲನೆಯದು ಡಮ್ಮಿ. ಅದನ್ನಿಟ್ಟುಕೊಂಡು ಅವನು ಬೆಳಕು, ನೆರಳು, ಚಮಚದ ಮೂತಿ ಯಾವ ಕಡೆ ಎಂದೆಲ್ಲ ಸರಿಮಾಡುತ್ತ ಕೂರುವನು. ಉಪ್ಪು ಬಿದ್ದರೆ ಸೌತೆಕಾಯಿ ನೀರು ಬಿಡುತ್ತದೆ, ನಿಂಬೆ ಬಿದ್ದರೆ ಸೊಪ್ಪು ಕಪ್ಪಾಗುತ್ತದೆ. ಆದ್ದರಿಂದ ಕಿಡಿ ಡಮ್ಮಿಗೆ ಉಪ್ಪು, ಹುಳಿ, ಖಾರ ಒಂದನ್ನೂ ಹಾಕುತ್ತಿರಲಿಲ್ಲ. ನೋಡುವುದಕ್ಕೆ ಚೆಲುವೆ, ಬಾಯಿಗಿಟ್ಟರೆ ಹುಲ್ಲು. ಬೆಳಕು ಸರಿಯಾಯಿತು ಎಂದು ಅವನು ಕೂಗಿದ ಮೇಲೆ ಅಡುಗೆಮನೆಯಲ್ಲಿ ಅವಳು ನಿಜವಾದ ಅಡುಗೆ ಕಲಸಿ ತರುವಳು. ಅದು ಹೀರೋ ತಟ್ಟೆ, ಕೊನೆಗೆ ಫೋಟೋಗೆ ಬೀಳುವುದು ಅದೇ. ಹೀರೋಗೆ ಅವನು ಹೊಳಪಿಗೆಂದು ಎಣ್ಣೆ ಬಳಿದು, ಹನಿ ಕಾಣಲೆಂದು ಗ್ಲಿಸರಿನ್ ಸಿಂಪಡಿಸಿ, ಯಾರೂ ತಿನ್ನದ ಹಾಗೆ ಮಾಡಿಬಿಡುವನು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಕಿಡಿ ಒಮ್ಮೆ ಬೈದಿದ್ದಳು. ಅವನು ನಕ್ಕಿದ್ದ. ನಕ್ಕರೆ ಅವನ ಎಡಗೆನ್ನೆ ಮಾತ್ರ ಮೇಲೇಳುತ್ತಿತ್ತು. ಬೈದವಳು ಆ ಕೆನ್ನೆಯನ್ನು ನೋಡುತ್ತ ಮುಂದಿನ ಬೈಗುಳ ಮರೆತಿದ್ದಳು.

ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಸುತ್ತಿ ಬಳಸಿ ಹೇಳುವುದೇನಿದೆ? ಅವನಿಗೂ ಆಗಿದೆ ಎಂದು ಕೆಲವು ದಿನ ಅನ್ನಿಸುತ್ತಿತ್ತು. ತಣ್ಣನೆಯ ಟೊಮೆಟೊ ಸೂಪು ಸುರಿಯುವ ಕೈ ಫೋಟೋದಲ್ಲಿ ಬೇಕೆಂದು ಅವಳನ್ನು ನಿಲ್ಲಿಸಿಕೊಂಡಿದ್ದ. "ಸ್ವಲ್ಪ ಎಡಕ್ಕೆ," ಎಂದು ಮಣಿಕಟ್ಟನ್ನು ಎರಡೇ ಬೆರಳಲ್ಲಿ ಸರಿಸಿದ್ದ. ಸೂಪು ಸುರಿದು ಮುಗಿದರೂ ಕ್ಯಾಮೆರಾದ ಸದ್ದು ನಿಂತಿರಲಿಲ್ಲ. ತಲೆ ಎತ್ತಿ ನೋಡಿದರೆ ಲೆನ್ಸು ಬಟ್ಟಲನ್ನು ಬಿಟ್ಟು ಅವಳ ಮುಖಕ್ಕೆ ತಿರುಗಿತ್ತು.

"ಸೂಪು ಕೆಳಗಿದೆ," ಎಂದಿದ್ದಳು.

"ಗೊತ್ತು," ಎಂದು ಅವನು ಕಿವಿಯವರೆಗೂ ಕೆಂಪಾಗಿದ್ದ.

ಇಷ್ಟಾದರೂ ಅಡುಗೆಯ ಬಗ್ಗೆ ಒಂದು ಮಾತಿಲ್ಲ! ಹೇಗಿದೆ ಎಂದರೆ "ಬಣ್ಣ ಚೆನ್ನಾಗಿ ಬಂದಿದೆ" ಎನ್ನುವನು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಮಧ್ಯಾಹ್ನ ಊಟಕ್ಕೆ ಕರೆದರೆ "ಹೊಟ್ಟೆ ತುಂಬಿದೆ ಮೇಡಂ" ಎಂದು ಕಣ್ಣು ತಪ್ಪಿಸಿ ಹೊರಟುಬಿಡುವನು. ಒಂದು ದಿನ ಅತ್ತಿಗೆ ತರಕಾರಿ ಚೀಲ ಇಳಿಸುತ್ತ ಸುದ್ದಿ ತಂದರು.

"ನಿನ್ನ ಹೊಟ್ಟೆ ತುಂಬಿದ ರಾಯರು ಮೂಲೆ ಅಂಗಡಿ ಮುಂದೆ ನಿಂತು ಚಿಪ್ಸ್ ತಿಂತಿದ್ರು ಕಣೇ. ಕೊನೆಗೆ ಪ್ಯಾಕೆಟ್ ಒಳಗಿನ ಉಪ್ಪನ್ನೂ ಬೆರಳಲ್ಲಿ ಒರೆಸಿ ನೆಕ್ಕಿದ್ರು. ಪಾಪ, ಯಾವ ಕಾಲದ ಹಸಿವೋ!"

ಕಿಡಿಯ ಮೈ ಉರಿದುಹೋಯಿತು. ಹಿಂದೆ ಅವಳನ್ನು ನೋಡಲು ಬಂದು ಒಪ್ಪಿಕೊಂಡಿದ್ದ ಗಂಡೊಬ್ಬ ಅವಳ ಕೈಯಡುಗೆಯನ್ನು ಅಮೃತ ಅಮೃತ ಎಂದು ಹೊಗಳಿ, ಇಲ್ಲಿಂದ ನೇರ ಹೋಟೆಲಿಗೆ ಹೋಗಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ. ಅದು ಗೊತ್ತಾದ ದಿನವೇ ಆ ಮಾತುಕತೆ ಮುರಿದಿತ್ತು. ಈ ಕಥೆಯನ್ನು ಫೋಟೋಗ್ರಾಫರನಿಗೆ ಮೊದಲ ದಿನವೇ ಹೇಳಿ, "ನನಗೆ ಏನು ಬೇಕಾದ್ರೂ ಅನ್ನಿ, ಅಡುಗೆ ಬಗ್ಗೆ ಮಾತ್ರ ಸುಳ್ಳು ಹೊಗಳಬೇಡಿ," ಎಂದಿದ್ದಳು. ಇವನು ಸುಳ್ಳು ಹೇಳಲಿಲ್ಲ, ನಿಜ. ಆದರೆ ರುಚಿ ನೋಡುವಷ್ಟೂ ಅವಳ ಅಡುಗೆ ಬೇಡವಾಗಿತ್ತಲ್ಲ!

ಇವತ್ತು ಕೊನೆಯ ದಿನ. ಕೊನೆಯ ಫೋಟೋ. ಸೌತೆಕಾಯಿ, ಕಲ್ಲಂಗಡಿ, ಬೇಯಿಸಿದ ಕಡಲೆ, ಮೇಲೆ ಪುದೀನ. ಇದಾದ ಮೇಲೆ ಅವನು ಕ್ಯಾಮೆರಾ ಮಡಚಿಕೊಂಡು ಹೋದರೆ ಮತ್ತೆ ಬರಲು ನೆಪವೇ ಇಲ್ಲ. ಇವತ್ತಾದರೂ ಏನಾದರೂ ಹೇಳುತ್ತಾನೋ, ಇಲ್ಲ ಬಣ್ಣ ಚೆನ್ನಾಗಿದೆ ಎಂದೇ ಬಾಗಿಲು ದಾಟುತ್ತಾನೋ ಎಂದು ಅವಳು ಬೆಳಿಗ್ಗೆಯಿಂದ ಕುದಿಯುತ್ತಿದ್ದಳು.

"ಬೆಳಕು ಸರಿ ಆಯ್ತು ಮೇಡಂ, ಹೀರೋ ತನ್ನಿ," ಎಂದು ಅವನು ಕೂಗಿದ.

ಅವಳು ಅಡುಗೆಮನೆಯಲ್ಲಿ ಉಪ್ಪು, ನಿಂಬೆರಸ, ಹಸಿಮೆಣಸು ಸೇರಿಸಿ ಕಲಸುತ್ತಿದ್ದಾಗ ಪುಸ್ತಕದ ಸಂಪಾದಕಿಯ ಫೋನ್ ಬಂತು.

"ಸಿಹಿ ಸುದ್ದಿ. ನಿಮ್ಮ ಎರಡನೇ ಪುಸ್ತಕಕ್ಕೆ ಒಪ್ಪಿಗೆ ಸಿಕ್ಕಿದೆ. ಒಂದೇ ಬೇಜಾರು, ಫೋಟೋಗೆ ಬೇರೆಯವರನ್ನ ಹುಡುಕಬೇಕು. ಇವರು ಮಾಡಲ್ವಂತೆ."

"ಯಾಕಂತೆ?"

"ಕೇಳಿದೆ. 'ಇನ್ನೊಂದು ಪುಸ್ತಕ ನನ್ನ ಕೈಲಾಗಲ್ಲ ಮೇಡಂ' ಅಂದ್ರು, ಅಷ್ಟೇ."

ಫೋನನ್ನು ಹಿಟ್ಟಿನ ಡಬ್ಬದ ಮೇಲೆ ಕುಕ್ಕಿ ಕಿಡಿ ಹೊರಟಳು. ಕೈಯಲ್ಲಿ ಹೀರೋ ತಟ್ಟೆ. "ಏ, ಮೆಲ್ಲಗೆ," ಎಂದು ಅತ್ತಿಗೆ ಹೇಳಿದ್ದು ಕಿವಿಗೆ ಬೀಳಲಿಲ್ಲ. ಕೈಲಾಗಲ್ಲವಂತೆ! ತನ್ನ ಮನೆಯಲ್ಲಿ ನಿಲ್ಲುವುದೇ ಅಷ್ಟು ಕಷ್ಟವಾಯಿತೇ? ಬಾಗಿಲಿನ ಕಪ್ಪು ಬಟ್ಟೆಯನ್ನು ಸರಕ್ಕನೆ ಎಳೆದಳು.

ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮಡಿಲಲ್ಲಿ ಡಮ್ಮಿ ತಟ್ಟೆ. ಕೈಯಲ್ಲಿ ಚಮಚ. ಎರಡೂ ಕೆನ್ನೆ ಉಬ್ಬಿದ್ದವು.

"ಏನ್ ಮಾಡ್ತಿದ್ದೀರಿ?"

ಅವನು ಕಷ್ಟಪಟ್ಟು ನುಂಗಿದ. "ಊಟ."

"ಅದು ಡಮ್ಮಿ!"

"ಹೌದು. ಬಿಸಾಕೋಕೆ ಮನಸ್ಸು ಬರಲ್ಲ. ನೀವು ಅಷ್ಟು ಚೆಂದ ಹೆಚ್ಚಿರ್ತೀರಿ..."

"ದಿನಾ ತಿಂತೀರಾ?"

"ದಿನಾ. ನೀವು ಆ ಕಡೆ ಹೋದ ತಕ್ಷಣ. ಆಮೇಲೆ ತಟ್ಟೆ ತೊಳೆದು ಅಡುಗೆಮನೆ ಬಾಗಿಲಲ್ಲಿ ಇಡ್ತೀನಲ್ಲ."

ತೊಳೆದ ತಟ್ಟೆಗಳನ್ನು ಕಿಡಿ ದಿನವೂ ನೋಡುತ್ತಿದ್ದಳು. ಒಳಗಿದ್ದದ್ದು ಬಾಲ್ಕನಿಯ ಗೊಬ್ಬರದ ಬಕೆಟ್ಟಿಗೆ ಹೋಗುತ್ತಿದೆ ಎಂದು ಅವಳ ಲೆಕ್ಕ.

"ಅದರಲ್ಲಿ ಉಪ್ಪಿಲ್ಲ," ಎಂದಳು.

"ಗೊತ್ತು," ಎಂದ ಅವನು, ತುಂಬ ಮೆಲ್ಲಗೆ, ಯಾರದೋ ಮನೆಯ ಕಷ್ಟದ ವಿಷಯ ಮಾತಾಡುವವನಂತೆ. "ನಿಮ್ಮ ಅಡುಗೇಲಿ ಇರಲ್ವಲ್ಲ. ಹುಳೀನೂ ಇರಲ್ಲ. ಮೊದಮೊದಲು ಕಷ್ಟ ಆಯ್ತು. ವೀಗನ್ ಅಂದ್ರೆ ಹೀಗೇ ಇರಬೇಕು, ಆರೋಗ್ಯಕ್ಕೆ ಒಳ್ಳೇದು ಅಂದ್ಕೊಂಡು..."

"ವೀಗನ್ ಅಂದ್ರೆ ಹಾಲು ಮೊಸರು ಇಲ್ಲ ಅಂತ! ಉಪ್ಪು ಯಾವ ಹಸುವಿಂದ ಕರೀತಾರೆ?"

ಅವನು ಕಣ್ಣು ಕಣ್ಣು ಬಿಟ್ಟ.

"ಡಮ್ಮಿಗೆ ನಾನು ಏನೂ ಹಾಕಲ್ಲ! ಹಾಕಿದ್ರೆ ನಿನ್ನ ಒಂದು ನಿಮಿಷದಲ್ಲಿ ಅದು ನೀರಾಗಿ ಹರಿದುಹೋಗುತ್ತೆ. ಅದು ತಿನ್ನೋಕಲ್ಲ, ನೋಡೋಕೆ! ಅಷ್ಟೂ ಗೊತ್ತಾಗಲ್ವಾ ನಿನಗೆ?" ಕೋಪದ ಭರದಲ್ಲಿ ನೀವು ಹೋಗಿ ನೀನು ಆಗಿತ್ತು. ಇಬ್ಬರೂ ಅದನ್ನು ಸರಿಮಾಡಲು ಹೋಗಲಿಲ್ಲ.

"ಶೂ ತೆಗೆಯುವಾಗ ಡಮ್ಮಿನೂ ಶೂನೇ ಆಗಿರುತ್ತೆ," ಎಂದ ಅವನು ಪೆದ್ದುಪೆದ್ದಾಗಿ.

"ನನಗೆ ಹೇಳಬಾರದಿತ್ತಾ?"

"ಏನಂತ ಹೇಳಲಿ? ಸುಳ್ಳು ಹೊಗಳಬೇಡ ಅಂತ ನೀವೇ ಮೊದಲ ದಿನ ಬಾಯಿಗೆ ಬೀಗ ಹಾಕಿದ್ರಿ. ನಿಜ ಹೇಳಿದ್ರೆ ನಿಮ್ಮ ಮನಸ್ಸು ಮುರಿಯುತ್ತೆ. ಅದಕ್ಕೇ ಊಟಕ್ಕೆ ಕರೆದಾಗೆಲ್ಲ ಓಡಿಹೋಗ್ತಿದ್ದೆ. ಎದುರಿಗೆ ಕೂರಿಸ್ಕೊಂಡು ಹೇಗಿದೆ ಅಂತ ಕೇಳಿಬಿಟ್ರೆ ನನ್ನ ಕಥೆ ಮುಗೀತು."

ಚಿಪ್ಸಿನ ಪ್ಯಾಕೆಟ್ಟು, ಅದರ ತಳದ ಉಪ್ಪು, ಎಲ್ಲ ಈಗ ಅರ್ಥವಾಯಿತು. ನಗು ಬರಬೇಕಿತ್ತು. ಬಂದದ್ದು ಮತ್ತೂ ಸಿಟ್ಟು.

"ಅದಕ್ಕೇ ಇನ್ನೊಂದು ಪುಸ್ತಕ ಬೇಡ ಅಂದೆಯಾ? ಅಷ್ಟು ಕೆಟ್ಟದಾಗಿತ್ತಾ? ಹೋಗು. ಉಪ್ಪು ಖಾರ ಇರೋ ಮನೆ ನೋಡ್ಕೋ!"

ಅವನು ತಟ್ಟೆ ಕೆಳಗಿಟ್ಟು ಎದ್ದು ನಿಂತ. ಮಡಿಲಿನ ಕಡಲೆಕಾಳು ಉದುರಿ ನೆಲದ ಮೇಲೆ ಉರುಳಿದವು. ಕ್ಯಾಮೆರಾದ ಹಿಂದೆ ಇಲ್ಲದೆ ಅವಳ ಮುಖವನ್ನು ಅಷ್ಟು ಹೊತ್ತು ಅವನು ನೋಡಿದ್ದು ಅದೇ ಮೊದಲು.

"ಇನ್ನೊಂದು ಪುಸ್ತಕ ಅಂದ್ರೆ ಇನ್ನೂ ಒಂದು ಬೇಸಿಗೆ ನೀನು ಅಡುಗೆಮನೇಲಿ, ನಾನು ಈ ಬಟ್ಟೆ ಹಿಂದೆ. ಆ ಥರ ಮರೆಯಿಂದ ನಿನ್ನ ನೋಡೋದು ಸಾಕಾಗಿದೆ. ಕೆಲಸದವನಾಗಿ ಬರೋದು ನನ್ನ ಕೈಲಾಗಲ್ಲ ಅಂದೆ. ಮೊನ್ನೆ ಆ ನೂಡಲ್ಸ್ ತಿಂದೆನಲ್ಲ, ಗೋಂದು ಇದ್ದ ಹಾಗಿತ್ತು. ತಿಂತಾ ತಿಂತಾ ತೀರ್ಮಾನ ಮಾಡಿದೆ. ಜೀವನ ಪೂರ್ತಿ ಹೀಗೇ ತಿನ್ನಬೇಕಾದ್ರೂ ಪರವಾಗಿಲ್ಲ, ಇವಳನ್ನ ಕೇಳೇ ಬಿಡ್ತೀನಿ ಅಂತ. ಇವತ್ತು ಫೋಟೋ ಮುಗಿದ ಮೇಲೆ ಕೇಳೋದಿತ್ತು."

ಒಬ್ಬ ಅಮೃತ ಎಂದು ಹೊಗಳಿ ಹೋಟೆಲಿಗೆ ಓಡಿದ್ದ. ಇವನು ಬಾಯಿ ಮುಚ್ಚಿಕೊಂಡು ಹುಲ್ಲು ತಿಂದು, ಜನ್ಮವೆಲ್ಲ ತಿನ್ನುತ್ತೇನೆ ಎಂದು ನಿಂತಿದ್ದಾನೆ. ಎಂಥ ದಡ್ಡ! ಕಿಡಿಯ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಕೈಯಲ್ಲಿ ತಟ್ಟೆಯಿತ್ತು.

"ಹಿಡಿ," ಎಂದಳು. "ಎಣ್ಣೆ ಗಿಣ್ಣೆ ಮುಟ್ಟಿಸಬೇಡ. ತಿನ್ನು."

ಅವನು ಒಂದು ಚಮಚ ಬಾಯಿಗಿಟ್ಟ. ಅಗಿಯುತ್ತಿದ್ದ ದವಡೆ ನಿಂತಿತು. ಅವನು ಅವಳನ್ನು ನೋಡಿದ, ತಟ್ಟೆಯನ್ನು ನೋಡಿದ, ಮತ್ತೊಂದು ಚಮಚ ತಿಂದ. ಮುಖ ನಿಧಾನವಾಗಿ ಕೆಂಪೇರಿತು. ಈ ಸಲ ಅದು ನಾಚಿಕೆಯಲ್ಲ.

"ಇದು ಇಷ್ಟು ದಿನ ಪಕ್ಕದ ಅಡುಗೆಮನೇಲೇ ಇತ್ತಾ?" ಎಂದ ನಿಜವಾದ ಸಿಟ್ಟಿನಲ್ಲಿ. "ಇದರ ಮೇಲೆ ನಾನು ಗ್ಲಿಸರಿನ್ ಸುರಿದ್ನಾ? ಆ ಸೂಪು? ಆ ತೆಂಗಿನ ಹಾಲಿನ ಮಾವಿನಹಣ್ಣು? ಅಯ್ಯೋ, ಎಲ್ಲ ಹೋಯ್ತಲ್ಲ!"

"ಹೊಟ್ಟೆ ತುಂಬಿದೆ ಅಂದೆಯಲ್ಲ, ಅನುಭವಿಸು."

"ನೀನಾದ್ರೂ ಕೈ ಹಿಡಿದು ಎಳೆದು ಕೂರಿಸಬಾರದಿತ್ತಾ?"

"ಹೇಗಿದೆ ಅದನ್ನ ಮೊದಲು ಹೇಳು. ಸುಳ್ಳು ಬೇಡ."

ಅವನು ಮತ್ತೆ ಬಾಯಿಗಿಟ್ಟು, ಕಣ್ಣು ಮುಚ್ಚಿ, ತೂಗಿ ನೋಡಿ ಹೇಳಿದ. "ನಿಂಬೆಹುಳಿ ಒಂಚೂರು ಮುಂದಾಯ್ತು."

ನಿಜವೇ ಆಗಿತ್ತು. ಫೋನಿನ ಗಲಾಟೆಯಲ್ಲಿ ಅವಳು ಎರಡು ಸಲ ಹಿಂಡಿದ್ದಳು. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಮೂಗಿನ ತುದಿ ಕೆಂಪಾಗುತ್ತಿತ್ತು. ಈಗ ಅವಳು ಸ್ವಿಚ್ಚು ಒತ್ತಿ ಫ್ಯಾನ್ ಹಾಕಿ, ಅವನನ್ನು ಕೈ ಹಿಡಿದು ಎಳೆದು ಕೂರಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತು, ಅವನ ಚಮಚ ಕಿತ್ತುಕೊಂಡು ತಾನೂ ತಿಂದಳು.

"ಆಯ್ತು, ಕೇಳು," ಎಂದಳು, ಎದುರಿನ ಗೋಡೆಯನ್ನು ನೋಡುತ್ತ.

"ಏನು?"

"ಫೋಟೋ ಮುಗಿದ ಮೇಲೆ ಕೇಳೋದಿತ್ತು ಅಂದೆಯಲ್ಲ, ಅದು."

"ಫೋಟೋ ಇನ್ನೂ ಮುಗಿದಿಲ್ಲ. ಹೀರೋ ಹೊಟ್ಟೆಗೆ ಹೋಯ್ತು."

"ಇನ್ನೊಂದು ಸಲ ಕಲಸ್ತೀನಿ. ಕೇಳು."

ಅವನು ಕೇಳಿದ. ಏನು ಕೇಳಿದನೆಂಬುದು ಬಾಗಿಲಿನ ಆಚೆ ಸೌಟು ಹಿಡಿದು ನಿಂತ ಅತ್ತಿಗೆಗೂ ಕೇಳಿಸಲಿಲ್ಲ, ಫ್ಯಾನಿನ ಸದ್ದು ಅಷ್ಟಿತ್ತು. ಕಿಡಿ ಹೇಳಿದ್ದು ಮಾತ್ರ ಇಡೀ ಮನೆಗೆ ಕೇಳಿಸಿತು.

"ಹೂಂ. ಆದ್ರೆ ಅಣ್ಣನ ಹತ್ರ ಊಟ ಆದ ಮೇಲೆ ಮಾತಾಡು. ಹಸಿದಿದ್ರೆ ಅವನಿಗೂ ನನ್ನಷ್ಟೇ ಸಿಟ್ಟು."

ಕಿಟಕಿಯ ಪರದೆಯಿಂದ ಇಳಿಯುವಂತೆ ಅವನು ಬೆಳಿಗ್ಗೆಯಿಂದ ಕಾದು ಕಾದು ಸರಿಮಾಡಿಕೊಂಡಿದ್ದ ಬೆಳಕು ಮೆಲ್ಲಗೆ ಮೇಜಿನಿಂದ ಸರಿದುಹೋಯಿತು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ತಟ್ಟೆಯ ತಳದಲ್ಲಿ ಉಳಿದ ಹುಳಿ ಉಪ್ಪಿನ ರಸವನ್ನು ಇಬ್ಬರೂ ಒಂದೇ ಚಮಚದಲ್ಲಿ ಸರದಿಯಂತೆ ಕುಡಿದರು.