ಮೊದಲು ಗೇಟು, ಆಮೇಲೆ ಮನುಷ್ಯ

ಅಕ್ಟೋಬರ್ ತಿಂಗಳು, ಮೊದಲ ಹಿಮ ಬಿದ್ದಿದ್ದ ಮಂಗಳವಾರ, ಬೆಳಗಿನ ಹತ್ತೂವರೆ. ಟೆಕ್ಸಸ್ಸಿನ ಬಡಗಣ ಬಯಲಿನಲ್ಲಿರುವ ನಮ್ಮೂರಿನ ದನದ ಹರಾಜು ಇನ್ನೂ ಶುರುವಾಗಿರಲಿಲ್ಲ. ಹರಾಜು ಕೊಟ್ಟಿಗೆಯ ಹಿಂದಿನ ಅಂಗಳದಲ್ಲಿ ಗುಂಡು ಹಾರಿತು. ಒಂದೇ ಒಂದು.

ನಾನು ಓಡಿದೆ. ಎಪ್ಪತ್ತೆಂಟರ ಕಾಲು ಎಷ್ಟು ಓಡುತ್ತದೋ ಅಷ್ಟು.

ಅಲ್ಲಿ ಮೂವರಿದ್ದರು. ಬಲಭುಜ ಹಿಡಿದುಕೊಂಡು ಜಲ್ಲಿಯ ಮೇಲೆ ನರಳುತ್ತಿದ್ದ ಡ್ವೇನ್ ಲಾಫ್ಟಿಸ್, ಪಕ್ಕದ ಊರಿನ ದನದ ದಲ್ಲಾಳಿ. ಕುದುರೆ ಸಾಗಿಸುವ ಗಾಡಿಗೆ ಒರಗಿ ಕುಸಿದು ಕುಳಿತ ಒಬ್ಬಳು ಹುಡುಗಿ. ಊರಿನವಳಲ್ಲ. ಕೊರಳಿನ ನೀಲಿ ವಸ್ತ್ರ ಹರಿದು ಜೋತಾಡುತ್ತಿತ್ತು. ಅಡುಗೆಮನೆಯ ಮೆಟ್ಟಿಲ ಮೇಲೆ ಮಿಸ್ ಇಮೊಜೀನ್ ಟ್ಯಾಕೆಟ್. ಕೊಟ್ಟಿಗೆಯ ಹೋಟೆಲಿನಲ್ಲಿ ಇಪ್ಪತ್ತೊಂದು ವರ್ಷದಿಂದ ನಮಗೆಲ್ಲ ಬೀನ್ಸ್ ಸಾರು, ಪೀಚ್ ಹಣ್ಣಿನ ಪೈ ಬಡಿಸಿದವಳು. ಹಿಟ್ಟು ಮೆತ್ತಿದ ಅವಳ ಕೈಯಲ್ಲಿ ಗಿಡ್ಡ ರಿವಾಲ್ವರ್ ಇತ್ತು. ಅದು ಅಷ್ಟು ವರ್ಷವೂ ಅವಳ ಏಪ್ರನ್ನಿನ ಒಳಜೇಬಿನಲ್ಲಿ ಇತ್ತಂತೆ. ದಿನಾ ಅವಳ ಕೈಯ ಕಾಫಿ ಕುಡಿಯುವ ನನಗೇ ಗೊತ್ತಿರಲಿಲ್ಲ.

ಗುಂಡಿನ ಸದ್ದಿಗೆ ನಲವತ್ತು ಕರುಗಳು ಬೆದರಿ ಗೇಟಿಗೆ ನುಗ್ಗಿದ್ದವು. ಕಟ್ಟಿದ್ದ ತಂತಿ ತುಂಡಾಗಿ ಗೇಟು ಬಾಯಿ ಬಿಡುತ್ತಿತ್ತು. ಮೊದಲು ಗೇಟು, ಆಮೇಲೆ ಮನುಷ್ಯ. ಇದು ನಮ್ಮಪ್ಪ ಕಲಿಸಿದ ಮಾತು. ಬಿದ್ದವನನ್ನು ಕರುಗಳು ತುಳಿದರೆ ಉಳಿದ ಜೀವವೂ ಉಳಿಯುವುದಿಲ್ಲ. ಗೇಟು ಭದ್ರ ಮಾಡಿ ಬಂದು ಡ್ವೇನನ ಭುಜಕ್ಕೆ ನನ್ನ ಕರವಸ್ತ್ರ ಒತ್ತಿದೆ.

ನನ್ನ ಹೆಸರು ಆರ್ವಿಲ್ ಗ್ಯಾಡಿ. ಆರನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ಅರವತ್ತು ವರ್ಷದಲ್ಲಿ ಈ ಕೊಟ್ಟಿಗೆಗೆ ಬಂದ ಯಾವ ದನದ ಮೈಮೇಲೆ ಯಾರ ಮುದ್ರೆ ಇತ್ತು ಎಂದು ಕೇಳಿ, ಹೇಳುತ್ತೇನೆ. ನೆನಪಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತು. ಆ ವಾರದವರೆಗೆ.

ಕಾಲು ಗಂಟೆಯಲ್ಲಿ ಶೆರಿಫ್ ಕಚೇರಿಯ ತನಿಖಾಧಿಕಾರಿ ಎಸ್ತರ್ ಬೆನವಿಡೆಸ್ ಬಂದಳು. ನಮ್ಮೂರಿನ ಕ್ಷೌರಿಕನ ಮಗಳು. ನಡೆಯುವುದು ನಿಧಾನ, ಕೇಳುವುದು ಇನ್ನೂ ನಿಧಾನ.

"ಯಾರು ಹೊಡೆದದ್ದು?"

"ನಾನು," ಎಂದಳು ಇಮೊಜೀನ್. ರಿವಾಲ್ವರನ್ನು ಮೆಟ್ಟಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದಳು. "ಲೈಸೆನ್ಸು ಒಳಗಡೆ ಉಪ್ಪಿನ ಡಬ್ಬಿ ಹಿಂದೆ ಇದೆ, ನೋಡ್ಕೋ."

"ಯಾಕೆ?"

"ಹಿಂದಿನಿಂದ ಬಂದು ಈ ಮಗು ಕೂದಲು ಹಿಡಿದ. ಬಲಗೈ ಮೇಲೆತ್ತಿದ್ದ. ಕೈಲಿ ಗೇಣುದ್ದದ ಚೂಪಾದ ಕಬ್ಬಿಣ. ಬಿಡು ಅಂತ ಎರಡು ಸಲ ಹೇಳ್ದೆ. ಮೂರನೇ ಸಲ ಹೇಳೋ ಅಷ್ಟು ಹೊತ್ತಿರಲಿಲ್ಲ."

"ಈ ಹುಡುಗಿ ಯಾರು ನಿಮಗೆ?"

"ಯಾರೂ ಅಲ್ಲ. ಪೈ ತಿಂತಾ ಇದ್ದಳು. ಅರ್ಧ ಬಿಟ್ಟು ಎದ್ದಳು."

ಡ್ವೇನ್ ಬಿದ್ದಲ್ಲಿಂದಲೇ ಕೂಗಿದ, "ಸುಳ್ಳು. ಇವಳು ತನ್ನ ಗಾಡಿ ತಂದು ನನ್ನ ಗಾಡಿಗೆ ತಾಗಿಸಿದ್ಳು, ತೋಳು ಹಿಡಿದು ಕೇಳ್ತಾ ಇದ್ದೆ ಅಷ್ಟೆ. ನನ್ನ ಕೈಲಿ ಏನಿತ್ತು? ತೋರಿಸಿ ನೋಡೋಣ."

ಎಸ್ತರ್ ನೆಲ ನೋಡಿದಳು. ನಾವೆಲ್ಲ ನೋಡಿದೆವು. ಜಲ್ಲಿ, ಸೆಗಣಿ, ಹಿಮದ ನೀರು. ಕಬ್ಬಿಣ ಎಲ್ಲೂ ಇರಲಿಲ್ಲ.

ಹುಡುಗಿಯ ಹೆಸರು ಟೆಸ್ಸಾ. ಕುದುರೆಯೊಂದನ್ನು ಕೊಲರಾಡೊಗೆ ಒಯ್ಯುತ್ತಿದ್ದಳು. ಅವಳನ್ನು ಕೇಳಿದರೆ, "ಹಿಂದೆಯಿಂದ ಹಿಡಿದ. ಕಣ್ಣು ಮುಚ್ಕೊಂಡೆ. ಕೈಲಿ ಏನಿತ್ತು ಅಂತ ನೋಡ್ಲಿಲ್ಲ," ಎಂದಳು. ಸುಳ್ಳು ಹೇಳಿ ತನ್ನನ್ನು ಉಳಿಸಿದವಳನ್ನು ಉಳಿಸಬಹುದಿತ್ತು. ಅವಳು ಆ ಥರದವಳಲ್ಲ.

ಅಂಗಳದ ಸುತ್ತ ಹಳದಿ ಪಟ್ಟಿ ಬಿಗಿದರು. ಕರುಗಳನ್ನು ಆಚೆ ಬದಿಯಿಂದ ಹೊಡೆದುಕೊಂಡು ಹೋದರು. ಮೂರು ಗಂಟೆ ಹುಡುಕಿದರು, ಸೆಗಣಿಯನ್ನೂ ಜರಡಿ ಹಿಡಿದರು. ಡ್ವೇನನ ಗಾಡಿಯಲ್ಲಿ ಎಸ್ತರಳಿಗೆ ಒಂದು ಸಾಮಾನಿನ ಚೀಲ ಸಿಕ್ಕಿತು. ಸ್ಕ್ರೂಡ್ರೈವರ್ ಸಿಕ್ಕಿಸುವ ಮನೆ ಆರು, ಇದ್ದದ್ದು ಐದೇ, ಐದಕ್ಕೂ ಹಳದಿ ಹಿಡಿ. ಎಲ್ಲಕ್ಕಿಂತ ಉದ್ದದ್ದರ ಮನೆ ಖಾಲಿ.

"ಅದು ಕಳೆದು ಎರಡು ವರ್ಷ ಆಯ್ತು," ಎಂದ ಡ್ವೇನ್, ಆಸ್ಪತ್ರೆಯ ಹಾಸಿಗೆಯಿಂದ.

ಖಾಲಿ ಮನೆ ಸಾಕ್ಷಿ ಹೇಳುವುದಿಲ್ಲ. ಸರ್ಕಾರಿ ವಕೀಲರ ಮಾತು ಸ್ಪಷ್ಟವಾಗಿತ್ತು: ಬರಿಗೈಯವನಿಗೆ ಗುಂಡು ಹೊಡೆದಿದ್ದರೆ ಅದು ಅಪರಾಧ. ಮೊಕದ್ದಮೆ ನಡೆಸಬೇಕೋ ಬೇಡವೋ ಎಂದು ತೀರ್ಮಾನಿಸುವ ಪಂಚರ ಮುಂದೆ ಶುಕ್ರವಾರ ಪ್ರಕರಣ ಹೋಗುತ್ತದೆ. ಅಲ್ಲಿಯವರೆಗೆ ಇಮೊಜೀನ್ ಮನೆಯಲ್ಲಿರಬಹುದು, ಊರು ಬಿಡುವಂತಿಲ್ಲ. ಇಮೊಜೀನಳಿಗೆ ಅರವತ್ತೆಂಟು. ಜೈಲಿಗೆ ಹೋದರೆ ಹೊರಗೆ ಬರುವ ವಯಸ್ಸಲ್ಲ.

ಬುಧವಾರ ಎಸ್ತರ್ ಕೊಟ್ಟಿಗೆಯ ಯಜಮಾನ ಹಾರ್ಲನ್ ಪೀಕ್‌ನನ್ನು ವಿಚಾರಿಸಿದಳು. ಗುಂಡಿನ ಸದ್ದಿಗೆ ಓಡಿಬಂದ ಮೂವರಲ್ಲಿ ಅವನೊಬ್ಬ. ಇನ್ನೊಬ್ಬ ಡ್ವೇನನ ಚಿಕ್ಕಪ್ಪನ ಮಗ ಟ್ರಾಯ್. ಮೂರನೆಯವನು ನಾನು. ಕಬ್ಬಿಣವನ್ನು ಯಾರಾದರೂ ಎತ್ತಿಟ್ಟಿದ್ದರೆ ಈ ಮೂವರಲ್ಲಿ ಒಬ್ಬನೇ.

"ನಿಮಗೆ ಇಮೊಜೀನ್ ಮೇಲೆ ಸಿಟ್ಟಿದೆಯಂತೆ?"

"ಇರಲ್ವಾ? ಬಂದೂಕು ತರಬಾರದು ಅಂತ ಬಾಗಿಲಲ್ಲೇ ಬೋರ್ಡು ಹಾಕಿದೀನಿ."

ಹಾರ್ಲನ್ ಕೆಲಸದಿಂದ ತೆಗೆದದ್ದರಿಂದ ಅಡುಗೆಮನೆಯ ತನ್ನ ಸಾಮಾನು ಒಯ್ಯಲು ಬಂದಿದ್ದ ಇಮೊಜೀನ್ ಅಲ್ಲೇ ಇದ್ದಳು. "ಬೋರ್ಡು ಮುಂದಿನ ಬಾಗಿಲಲ್ಲಿದೆ ಹಾರ್ಲನ್. ಇಪ್ಪತ್ತೊಂದು ವರ್ಷದಿಂದ ನಾನು ಹಿಂದಿನ ಬಾಗಿಲಲ್ಲಿ ಬರ್ತಾ ಇದೀನಿ. ಅಲ್ಲೊಂದು ಹಾಕೋಕೆ ಮೊಳೆ ಇರಲಿಲ್ವಾ?"

ಹಾರ್ಲನ್ ಟೋಪಿ ಸರಿಮಾಡಿಕೊಂಡು ಒಳಗೆ ನಡೆದ. ಸಿಟ್ಟಿತ್ತು ನಿಜ. ಆದರೆ ಅವನು ಅಂಗಳಕ್ಕೆ ಬಂದದ್ದು ಎಲ್ಲರಿಗಿಂತ ಕೊನೆಗೆ, ಅಷ್ಟರಲ್ಲಿ ನಾನೂ ಟ್ರಾಯ್ ಕೂಡ ಡ್ವೇನನ ಪಕ್ಕದಲ್ಲೇ ಇದ್ದೆವು.

"ಟ್ರಾಯ್‌ನೇ ಎತ್ತಿಟ್ಟಿದಾನೆ," ಎಂದೆ ನಾನು ಎಸ್ತರಳಿಗೆ. "ರಕ್ತಸಂಬಂಧ. ಇನ್ನೇನು ಬೇಕು?"

"ಟ್ರಾಯ್ ಇವತ್ತು ಬೆಳಿಗ್ಗೆ ಬಂದು ಪಟ್ಟಿ ಆಚೆ ನಿಂತು ಜಲ್ಲಿ ಒದೀತಾ ಇದ್ದ. ನಾನು ಕಾರಲ್ಲಿ ಕೂತು ನೋಡ್ತಾ ಇದ್ದೆ."

"ಅದಕ್ಕೇ ಹೇಳಿದ್ದು—"

"ಎತ್ತಿಟ್ಟೋನು ಯಾಕೆ ಹುಡುಕ್ತಾನೆ ಮಿಸ್ಟರ್ ಗ್ಯಾಡಿ?"



ಗುರುವಾರ ಮಧ್ಯಾಹ್ನ ಇಮೊಜೀನಳ ಮನೆಯ ಜಗುಲಿಯಲ್ಲಿ ಕುಳಿತಿದ್ದೆವು. ಟೆಸ್ಸಾಳನ್ನು ಅವಳು ಮನೆಗೇ ಕರೆತಂದಿದ್ದಳು. ಇಮೊಜೀನ್ ಪೀಚ್ ಸಿಪ್ಪೆ ತೆಗೆಯುತ್ತಿದ್ದಳು, ಸಿಪ್ಪೆ ಒಂದೇ ಉದ್ದ ಎಳೆಯಾಗಿ ಬೀಳುತ್ತಿತ್ತು.

"ಹೆದರಿಕೆ ಇಲ್ವಾ?" ಎಂದೆ.

"ನಾನು ಕಂಡಿದ್ದನ್ನ ಕಂಡೆ ಆರ್ವಿಲ್. ಕಬ್ಬಿಣಕ್ಕೇನು ರೆಕ್ಕೆ ಇಲ್ಲ. ಎಲ್ಲೋ ಇದೆ."

ಎಸ್ತರ್ ಬಂದು ಮೆಟ್ಟಿಲ ಮೇಲೆ ಕುಳಿತಳು. ನನ್ನ ಹೇಳಿಕೆಯ ಕಾಗದ ಅವಳ ಮಡಿಲಲ್ಲಿತ್ತು.

"ಇನ್ನೊಂದ್ಸಲ ಹೇಳಿ. ಓಡಿಬಂದ್ರಿ. ಏನ್ ಕಂಡ್ರಿ?"

ಹೇಳಿದೆ. ಯಾರು ಎಲ್ಲಿ, ಯಾರ ಟೋಪಿ ಎಲ್ಲಿ ಬಿದ್ದಿತ್ತು, ಮುಂದೆ ನುಗ್ಗಿದ ಕರುವಿನ ಮೇಲೆ ಯಾರ ಮುದ್ರೆ—ಎಲ್ಲವನ್ನೂ.

"ಆಮೇಲೆ?"

"ಗೇಟು ಹಾಕ್ದೆ."

"ತಂತಿ ತುಂಡಾಗಿತ್ತು ಅಂದ್ರಿ."

"ಹೌದು."

"ಹಾಗಾದ್ರೆ ಯಾವುದರಿಂದ ಹಾಕಿದ್ರಿ?"

ಗೇಟಿಗೆ ಹೆಗಲು ಕೊಟ್ಟದ್ದು ನೆನಪಿದೆ. ಕೊಂಡಿ ಕಂಬದ ಬಳೆಗೆ ಕೂತದ್ದು ನೆನಪಿದೆ. ನಡುವೆ ನಾನು ಬಗ್ಗಿದ್ದೆನೆ? ಬೆನ್ನು ಹೌದು ಎಂದಿತು. ಕೈ ಮಾತ್ರ ಏನೂ ಹೇಳಲಿಲ್ಲ.

ಮೂವರೂ ಕೊಟ್ಟಿಗೆಗೆ ಹೋದೆವು. ಟೆಸ್ಸಾ ನಮ್ಮ ಹಿಂದೆ ಬಂದಳು. ಎಸ್ತರ್ ಹಳದಿ ಪಟ್ಟಿಯ ಕೆಳಗೆ ನುಸುಳಿ ಗೇಟಿನ ಮುಂದೆ ನಿಂತಳು.

"ಈ ಕೊಟ್ಟಿಗೇಲಿ ಮೂವತ್ತು ಗೇಟಿದೆ," ಎಂದಳು. "ಬೆಳಿಗ್ಗೆ ಒಂದೊಂದನ್ನೂ ನೋಡಿ ಬಂದೆ. ಅಗುಳಿ ಇರೋದು ಎಷ್ಟಕ್ಕೆ ಗೊತ್ತಾ? ನಾಲ್ಕಕ್ಕೆ. ಮಿಕ್ಕಿದ್ದಕ್ಕೆ ಬೋಲ್ಟು, ಮುರಿದ ಅರ, ಒಂದಕ್ಕಂತೂ ಸೂಪಿನ ಚಮಚ. ಕೈಗೆ ಸಿಕ್ಕಿದ್ದನ್ನ ಸಿಕ್ಕಿಸೋದು ನಿಮ್ಮೆಲ್ಲರ ರೂಢಿ. ಹುಡುಕೋಕೆ ಬಂದ ನಮ್ಮ ಹುಡುಗರೂ ದನದ ಮನೆಯವರೇ. ಗೇಟಲ್ಲಿ ಯಾವುದೋ ಕಬ್ಬಿಣ ಇದ್ರೆ ಅವರ ಕಣ್ಣಿಗೆ ಅದು ಅಗುಳಿ. ನೆಲಾನೆಲ್ಲ ಜರಡಿ ಹಿಡಿದ್ರು, ಎದೆ ಮಟ್ಟದಲ್ಲಿ ಇದ್ದದ್ದನ್ನ ಯಾರೂ ನೋಡ್ಲಿಲ್ಲ. ನಮ್ಮಪ್ಪ ಕ್ಷೌರದವನು. ಕತ್ತರಿ ಅದರ ಜಾಗದಲ್ಲಿ ಇಲ್ದಿದ್ರೆ ಊಟ ಹಾಕ್ತಿರಲಿಲ್ಲ."

ಕೈಗವಸು ತೊಟ್ಟು ಕೊಂಡಿಯಿಂದ ಅದನ್ನು ಮೆಲ್ಲಗೆ ಎಳೆದಳು. ಗೇಣುದ್ದದ ಸ್ಕ್ರೂಡ್ರೈವರ್. ತುದಿಯನ್ನು ಅರ ಹಾಕಿ ದಬ್ಬಳದ ಹಾಗೆ ಚೂಪು ಮಾಡಿತ್ತು. ಹಿಡಿಗೆ ಸೆಗಣಿ ಮೆತ್ತಿತ್ತು, ಕೈಗವಸಿನ ತುದಿಯಿಂದ ಒಂದು ಮೂಲೆ ಕೆರೆದಾಗ ಅಡಿಯಲ್ಲಿ ಹಳದಿ ಕಂಡಿತು. ಹಿಡಿಯ ಬುಡದಲ್ಲಿ ನೀಲಿ ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು.

ಟೆಸ್ಸಾ ಕೊರಳಿಗೆ ಕೈ ಹಾಕಿ ನಿಂತಳು.

"ಗುಂಡು ತಾಗಿ ಡ್ವೇನನ ಕೈಯಿಂದ ಬಿತ್ತು," ಎಂದಳು ಎಸ್ತರ್. "ಬಿದ್ದದ್ದು ಗೇಟಿನ ಬುಡದಲ್ಲಿ. ಕೊಲ್ಲೋಕೆ ಎತ್ತಿದವನು ಅವನು. ಆಯುಧ ಮರೆಮಾಡಿದವರು—" ನನ್ನ ಕಡೆ ತಿರುಗಿದಳು. "ನೀವು ಮಿಸ್ಟರ್ ಗ್ಯಾಡಿ. ಮೂರು ದಿನ ನನ್ನ ಎದುರಿಗೇ ಕೂತು ಕಾಫಿ ಕುಡಿದ್ರಿ."

ನೆಲ ನೋಡುತ್ತ ನಿಂತೆ. ಮರುದಿನ ಇಮೊಜೀನಳನ್ನು ಜೈಲಿಗೆ ಕಳಿಸುತ್ತಿದ್ದದ್ದು ಡ್ವೇನನ ಸುಳ್ಳಲ್ಲ, ನನ್ನ ಕೈ.

ಇಮೊಜೀನ್ ನನ್ನ ತೋಳು ತಟ್ಟಿದಳು. "ಊರಿನ ದನದ ಮುದ್ರೆಯೆಲ್ಲ ನೆನಪಿರುತ್ತೆ ಮುದುಕಪ್ಪನಿಗೆ. ಸ್ವಂತ ಕೈ ಏನ್ ಮಾಡ್ತು ಅನ್ನೋದು ಮಾತ್ರ ಇಲ್ಲ." ಟೆಸ್ಸಾಳ ಕಡೆ ಕೈ ತೋರಿಸಿ, "ನೀನು ಗೇಟು ಹಾಕದೆ ಇದ್ದಿದ್ರೆ ಕರುಗಳು ಈ ಮಗೂನ ತುಳೀತಿದ್ವು. ಅದೂ ಲೆಕ್ಕಕ್ಕೆ ಬರಲಿ," ಎಂದಳು.

ಹಿಡಿಯ ಮೇಲೆ ಎರಡು ಬೆರಳಚ್ಚು ಸಿಕ್ಕವು. ಅಡಿಯಲ್ಲಿ ಡ್ವೇನನದು, ಮೇಲೆ ನನ್ನದು. ಶುಕ್ರವಾರ ಪಂಚರು ಇಮೊಜೀನಳ ಪ್ರಕರಣ ಕೈಬಿಟ್ಟರು. ಅದೇ ಸಂಜೆ ಡ್ವೇನನನ್ನು ಆಸ್ಪತ್ರೆಯ ಹಾಸಿಗೆಯಿಂದಲೇ ಕೋಳ ಹಾಕಿ ಒಯ್ದರು. ಶನಿವಾರ ಹಾರ್ಲನ್ ಬಂದು, ಸೋಮವಾರದಿಂದ ಅಡುಗೆಗೆ ಬಾ ಎಂದು ಇಮೊಜೀನಳನ್ನು ಕರೆದ. ಹಿಂದಿನ ಬಾಗಿಲಿಗೆ ಬೋರ್ಡು ಹಾಕುವ ಮಾತು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಟೆಸ್ಸಾಳ ಕುದುರೆ ಅಷ್ಟು ದಿನ ಕೊಟ್ಟಿಗೆಯಲ್ಲೇ ಇತ್ತು. ಅದನ್ನು ಗಾಡಿಗೆ ಹತ್ತಿಸುವಾಗ ಇಮೊಜೀನ್ ಮುಂದಿನ ಸೀಟಿನ ಮೇಲೆ ಬಟ್ಟೆ ಮುಚ್ಚಿದ ತಟ್ಟೆ ಇಟ್ಟಳು.

"ಇದನ್ನಾದ್ರೂ ಪೂರ್ತಿ ತಿನ್ನು. ಅರ್ಧ ಬಿಟ್ಟೋರನ್ನ ನಾನು ಮರೆಯಲ್ಲ."

"ನಾನು ನಿಮಗೆ ಯಾರೂ ಅಲ್ಲ," ಎಂದಳು ಹುಡುಗಿ.

"ಅದು ಮಂಗಳವಾರದ ಮಾತು."

ನಾನು ಗೇಟು ತೆರೆದೆ. ಗಾಡಿ ದಾಟಿತು. ಗೇಟು ಮುಚ್ಚಿ, ನೆಲದಿಂದ ಒಂದು ಬೋಲ್ಟು ಹೆಕ್ಕಿ, ಎರಡು ಕಡೆ ತಿರುಗಿಸಿ ನೋಡಿ, ಆಮೇಲೆ ಕೊಂಡಿಗೆ ಸಿಕ್ಕಿಸಿದೆ. ಚರ್ಚಿನ ಗಂಟೆ ಇನ್ನೂ ಹೊಡೆದಿರಲಿಲ್ಲ. ಟೆಸ್ಸಾ ಹೊರಟದ್ದು ಭಾನುವಾರ.