ರಾಣಿಯ ಫೋಟೋ ತಿದ್ದಿದ ಹೊನ್ನಾಜಿ

ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ ಬಿಂಬಪುರ ಅಂತ ಒಂದು ರಾಜ್ಯವಿತ್ತು. ಆಗಲೇ ಅಲ್ಲಿ ಕಂಪ್ಯೂಟರ್ ಎಲ್ಲಿಂದ ಬಂತು ಅಂತ ಕೇಳಬೇಡಿ. ಇತ್ತು ಅಂದರೆ ಇತ್ತು. ಹೊನ್ನಾಜಿ ಎಂಬ ಹೆಣ್ಣುಮಗಳು ಅದರ ಮುಂದೆ ಕೂತು, ಮದುವೆ ಫೋಟೋ ತಿದ್ದಿ ಹೊಟ್ಟೆ ಹೊರೆಯುತ್ತಿದ್ದಳು. ಮೊಡವೆಯೋ ಮಚ್ಚೆಯೋ, ಅವಳ ಕೈಗೆ ಸಿಕ್ಕರೆ ಮಾಯ.

ಒಂದು ದಿನ ರಾಜಕುಮಾರ ಮಲ್ಲರಸ ಏದುಸಿರು ಬಿಡುತ್ತಾ ಬಂದ. ಮಸಿಕಂಠನೆಂಬ ಮಾಂತ್ರಿಕ ಅವನ ತಾಯಿಯನ್ನು ಹಳೇ ಫೋಟೋ ಒಂದರೊಳಗೆ ಸೆರೆಹಾಕಿ, ಅದಕ್ಕೆ ಗೆದ್ದಲು ಬಿಟ್ಟಿದ್ದ.

"ಹೊತ್ತು ಮುಳುಗುವುದರೊಳಗೆ ಇದು ಸರಿಯಾಗದಿದ್ದರೆ ಅವ್ವ ನನ್ನ ಪಾಲಿಗಿಲ್ಲ, ಹೊನ್ನಕ್ಕ," ಅಂದ.

ಹೊನ್ನಾಜಿ ಫೋಟೋ ಸ್ಕ್ಯಾನ್ ಮಾಡಿದಳು. ಮೂಲವನ್ನು ಮುಟ್ಟದೆ, ಅದರ ಮೇಲೊಂದು ಪದರ ಹಾಸಿಕೊಂಡು ಕೆಲಸಕ್ಕೆ ಕೂತಳು. ಫೋಟೋ ಮೂರು ಬಗೆಯಲ್ಲಿ ಹಾಳಾಗಿತ್ತು. ಮೊದಲನೆಯದು ಹರುಕು. ಪಕ್ಕದ ಸೀರೆಯ ಬಣ್ಣವನ್ನೇ ಚೂರುಚೂರಾಗಿ ನಕಲು ಮಾಡಿ ತೇಪೆ ಹಾಕಿದಳು. ಫೋಟೋದಲ್ಲಿದ್ದ ರಾಣಿ ಉಸಿರಾಡಿದಳು.

ಎರಡನೆಯದು ಕಲೆ. ಅದು ಕೈಗೆ ರೂಢಿಯಾಗಿದ್ದ ಕೆಲಸ. ಮುಖವನ್ನು ಬೆಣ್ಣೆಯ ಹಾಗೆ ನುಣುಪು ಮಾಡಿಬಿಟ್ಟಳು. ರಾಣಿ ಕಣ್ಣು ಬಿಟ್ಟು ಮಗನನ್ನು ನೋಡಿ, "ಯಾರಪ್ಪ ನೀನು?" ಅಂದಳು.

ಮಲ್ಲರಸನ ಮುಖ ಬಾಡಿತು. "ಇದು ನಮ್ಮವ್ವನ ಮುಖ ಅಲ್ಲ. ಕೆನ್ನೆ ಮೇಲೆ ಸುಟ್ಟ ಗಾಯ ಇತ್ತು. ಚಿಕ್ಕವನಿದ್ದಾಗ ನಾನು ಒಲೆಗೆ ಬೀಳುವಾಗ ಎಳೆದುಕೊಂಡಳಲ್ಲ, ಆಗ ಆದದ್ದು."

ಹೊನ್ನಾಜಿಗೆ ನಾಚಿಕೆಯಾಯಿತು. ಇನ್ನೆಷ್ಟು ಜನರನ್ನು ಹೀಗೆ ಒರೆಸಿಹಾಕಿದೆನೋ ಅಂದುಕೊಂಡಳು. ಮುಖದ ಮೇಲೆ ಮಾಡಿದ್ದನ್ನಷ್ಟೇ ಕಿತ್ತುಹಾಕಿ, ಈ ಸಲ ಕೇಳಿ ಕೇಳಿ ಮಾಡಿದಳು.

"ಇದು ಬೂಷ್ಟೋ, ಅವ್ವನದೋ, ದೊರೆ?"

"ಬೂಷ್ಟು. ತೆಗಿ, ಅಕ್ಕ."

"ಇದು?"

"ಅವ್ವನದು. ಇರಲಿ."

ಕೊನೆಗೆ ರಾಣಿ, "ಮಲ್ಲಾ, ಎಷ್ಟು ಸೊರಗಿದ್ದೀಯೋ," ಅಂದಳು.

ಮೂರನೆಯದು ತೂತು. ಗೆದ್ದಲು ರಾಣಿಯ ಬಲಗೈಯನ್ನೂ ಅದರ ಪಕ್ಕದ್ದೆಲ್ಲವನ್ನೂ ತಿಂದುಹಾಕಿತ್ತು. ನಕಲು ಮಾಡಲು ಏನೂ ಉಳಿದಿರಲಿಲ್ಲ. ಹೊರಗೆ ಹೊತ್ತು ಇಳಿಯುತ್ತಿತ್ತು. ಕಿಟಕಿಯಲ್ಲಿ ಮಸಿಕಂಠ ಇಣುಕಿದ.

"ಯಾರದಾದರೂ ಕೈ ಅಂಟಿಸು ಮಾರಾಯ್ತಿ. ಯಾರಿಗೆ ಗೊತ್ತಾಗುತ್ತೆ?"

ಹೊನ್ನಾಜಿ ಮಲ್ಲರಸನತ್ತ ತಿರುಗಿದಳು. "ಆ ಕೈ ಹೇಗಿತ್ತು, ದೊರೆ?"

"ನೆನಪಿಲ್ಲ, ಅಕ್ಕ."

"ಹಾಗಾದರೆ ನಾನು ಬರೆಯಲಾರೆ. ಇಲ್ಲದ್ದನ್ನು ಅಂಟಿಸಿದರೆ ಅವರು ಮತ್ತೆ ಬೇರೆ ಯಾರೋ ಆಗುತ್ತಾರೆ."

ತೂತನ್ನು ಹಾಗೇ ಬಿಟ್ಟು ಮೌಸ್‌ನಿಂದ ಕೈ ತೆಗೆದಳು.

ಮಸಿಕಂಠ ಬದುಕಿದ್ದೇ ಸುಳ್ಳು ಚಿತ್ರಗಳನ್ನು ತಿಂದು. ತಿನ್ನಲು ಏನೂ ಸಿಗದೆ ನಿಂತಲ್ಲೇ ಹುಡಿಯಾಗಿ ಉದುರಿದ. ಅವನ ಮಾಟ ಮುರಿದು ರಾಣಿ ಪರದೆಯಿಂದ ಇಳಿದು ಬಂದಳು. ಬಲಗೈ ಇರಲಿಲ್ಲ. ಮಲ್ಲರಸ ಅವಳ ಖಾಲಿ ತೋಳು ಹಿಡಿದು ಅತ್ತ.

"ಆ ಕೈಯಲ್ಲಿ ಏನು ಹಿಡಿದಿದ್ದೆ, ಅವ್ವ?"

"ನಿನ್ನನ್ನೇ ಕಣೋ. ಫೋಟೋ ತೆಗೆಯುವಾಗ ಒಂದು ಕಡೆ ನಿಲ್ಲುತ್ತಿರಲಿಲ್ಲ ನೀನು. ರಟ್ಟೆ ಹಿಡಿದು ನಿಲ್ಲಿಸಿದ್ದೆ."

ಅವತ್ತು ರಾಣಿ ಎಡಗೈಯಲ್ಲೇ ಅನ್ನ ಕಲಸಿ ಮಗನಿಗೂ ಹೊನ್ನಾಜಿಗೂ ತುತ್ತು ಕೊಟ್ಟಳು. ಎಡಗೈ ಅಂತ ಯಾರೂ ಮುಖ ತಿರುಗಿಸಲಿಲ್ಲ. ಆಮೇಲೆ ಬಿಂಬಪುರದವರೆಲ್ಲ ಬಹಳ ಕಾಲ ನೆಮ್ಮದಿಯಾಗಿದ್ದರು.